ಬಣ್ಣ ಹೋಯಿತು, ಉಪ್ಪೆಲ್ಲಿ ಹೋಯಿತು?

ಸಂಪಾದಕರೇ,

ಜಿಂಕ್ ಆಕ್ಸೈಡ್ ಪುಡಿ ಹಾಕಿ ಬಣ್ಣದ ನೀರನ್ನು ಒಂದೇ ತಾಸಿನಲ್ಲಿ ತಿಳಿ ಮಾಡಿದ ವಿದ್ಯಾರ್ಥಿಗಳ ಸುದ್ದಿ ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿತ್ತು. ಎಡಗಡೆ ನೀಲಿ ಬೀಕರ್, ಬಲಗಡೆ ತಿಳಿ ಬೀಕರ್, ನಡುವೆ ನಗುಮುಖದ ಹುಡುಗರು. ಖುಷಿ ಆಯಿತು. ಆದರೆ ಕೆಳಗೆ 'ಇನ್ನು ಗಟಾರದ ಬಣ್ಣದ ನೀರಿಗೆ ಮುಕ್ತಿ' ಅಂತ ಬರೆದಿದ್ದಿರಲ್ಲ, ಅದಕ್ಕೇ ಈ ಪತ್ರ.

ನಾನು ಗದಗಿನ ಪಕ್ಕದ ಬೆಟಗೇರಿಯವನು. ಮನೆತನ ನೇಕಾರರದ್ದು, ಹೊಟ್ಟೆಪಾಡು ಮಾತ್ರ ಕೆಮಿಸ್ಟ್ರಿ ಪಾಠ. ನಮ್ಮ ಕಾಕಾ ಇವತ್ತಿಗೂ ನೂಲಿನ ಲಡಿಗೆ ಬಣ್ಣ ಹಾಕುತ್ತಾರೆ. ಹಂಡೆಯಿಂದ ಬಕೀಟಿಗೆ, ಬಕೀಟಿನಿಂದ ಗಟಾರಕ್ಕೆ, ಅಷ್ಟೇ ಆ ನೀರಿನ ದಾರಿ. ಚಿಕ್ಕವರಿದ್ದಾಗ ಗಟಾರದ ಬಣ್ಣ ನೋಡಿ ಈ ಸಲ ಯಾವ ಸೀರೆ ಮಗ್ಗಕ್ಕೆ ಏರುತ್ತದೆ ಅಂತ ಹೇಳುತ್ತಿದ್ದೆವು. ಹಾಗಾಗಿ ಈ ಪುಡಿ ನಿಜವಾಗಿ ಕೆಲಸ ಮಾಡಿದರೆ ನನಗಿಂತ ಹೆಚ್ಚು ಸಂತೋಷ ಪಡುವವರು ಯಾರೂ ಇಲ್ಲ.

ಪುಡಿ ಹೊಸದೇನಲ್ಲ. ಕ್ಯಾಲಮೈನ್ ಲೋಶನ್ನಿನಲ್ಲಿ ಇರುವುದು, ಟೈರಿನ ರಬ್ಬರಿಗೆ ಬೆರೆಸುವುದು ಇದನ್ನೇ. ಇದಕ್ಕೆ ಬಿಸಿಲಿನ ನೇರಳಾತೀತ ಕಿರಣ ಬಡಿದರೆ ಒಳಗಿನ ಎಲೆಕ್ಟ್ರಾನ್ ಜಾಗ ಬಿಟ್ಟು ಮೇಲೆ ಏಳುತ್ತದೆ, ಅದು ಕೂತಿದ್ದ ಜಾಗ ಖಾಲಿ ಬೀಳುತ್ತದೆ. ಎದ್ದ ಎಲೆಕ್ಟ್ರಾನು ನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತದೆ. ಖಾಲಿ ಜಾಗ ಸುಮ್ನೆ ಕೂರುವುದಿಲ್ಲ, ಪಕ್ಕದ ನೀರಿನಿಂದಲೇ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಹೈಡ್ರಾಕ್ಸಿಲ್ ರಾಡಿಕಲ್ ಅನ್ನುವುದನ್ನು ಹುಟ್ಟಿಸುತ್ತದೆ. ಇದು ಮಹಾ ಜಗಳಗಂಟ. ಎದುರು ಸಿಕ್ಕ ಬಣ್ಣದ ಅಣುವನ್ನು ಹರಿದು ಹಾಕುತ್ತದೆ. ಪೂರ್ತಿ ಹರಿದರೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್, ನೀರು, ಒಂದಿಷ್ಟು ಲವಣ. ಬೆಳಕು ಬಿದ್ದರೆ ಕೆಲಸ ಮಾಡುವ ಇಂಥ ವಸ್ತುಗಳ ಬಗ್ಗೆ ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಹಿಡಿದು ಬರೆದ ಮೇಲೆ ಜಗತ್ತೇ ಇದರ ಹಿಂದೆ ಬಿತ್ತು. ಸುಳ್ಳಲ್ಲ ಇದು, ಗಟ್ಟಿ ವಿಜ್ಞಾನ.

ಹೋದ ಮಾರ್ಚಿನಲ್ಲಿ ನಾನೂ ಮಾಳಿಗೆ ಮೇಲೆ ಮಾಡಿ ನೋಡಿದೆ. ಮೂರು ಗಾಜಿನ ತಟ್ಟೆ, ಮೂರರಲ್ಲೂ ಮಿಥಿಲೀನ್ ಬ್ಲೂ ಅನ್ನುವ ಲ್ಯಾಬಿನ ನೀಲಿ ಬಣ್ಣ ಬೆರೆಸಿದ ನೀರು. ಒಂದಕ್ಕೆ ಪುಡಿ ಹಾಕಿ ಬಿಸಿಲಿಗಿಟ್ಟೆ. ಇನ್ನೊಂದನ್ನು ಪುಡಿ ಇಲ್ಲದೆ ಬಿಸಿಲಿಗಿಟ್ಟೆ. ಮೂರನೆಯದಕ್ಕೆ ಪುಡಿ ಹಾಕಿ ಕಪಾಟಿನ ಕತ್ತಲಲ್ಲಿಟ್ಟೆ. ಎರಡು ತಾಸಿಗೆ ಮೊದಲನೆಯದು ತಿಳಿಯಾಯಿತು. ಉಳಿದೆರಡೂ ತುಸು ತೆಳುವಾದವು, ಯಾಕೆಂದರೆ ಬರೀ ಬಿಸಿಲಿಗೂ ಈ ನೀಲಿ ಮಾಸುತ್ತದೆ, ಪುಡಿಗೂ ಒಂಚೂರು ಅಂಟುತ್ತದೆ. ಈ ಎರಡು ತಟ್ಟೆ ಪಕ್ಕದಲ್ಲಿ ಇಲ್ಲದೆ ಮೊದಲನೆಯದನ್ನಷ್ಟೇ ತೋರಿಸಿದರೆ ಅರ್ಧ ಕಥೆ ಹೇಳಿದ ಹಾಗೆ, ಅಲ್ವಾ?

ಅಲ್ಲಿಗೆ ಹುಮ್ಮಸ್ಸು ಬಂತು. ಕಾಕಾನ ಮನೆಯಿಂದ ಕೆಂಪು ಲಡಿಯ ಮೊದಲ ತೊಳೆತದ ನೀರು ತಂದೆ. ಅದೇ ತಟ್ಟೆ, ಅದೇ ಪುಡಿ, ಅದೇ ಗದಗಿನ ಬಿಸಿಲು. ಸಂಜೆ ಐದಕ್ಕೆ ನೋಡಿದರೆ ಕೆಂಪು ಕೆಂಪಾಗೇ ಇತ್ತು!

ಕಾರಣ ಹುಡುಕುತ್ತಾ ಹೋದರೆ ನಮ್ಮ ಹಂಡೆಯ ಕಡೆಗೇ ಬಂದು ನಿಂತೆ. ಹತ್ತಿ ನೂಲಿಗೆ ಹಾಕುವ, ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಕ್ಕೆ ಉಪ್ಪು ಬೇಕು, ಸೋಡಾ ಬೇಕು. ಕಡು ಬಣ್ಣ ಅಂದರೆ ಲೀಟರಿಗೆ 50 ಗ್ರಾಂ ಮೇಲೆಯೇ ಉಪ್ಪು ಹೋಗುತ್ತದೆ. ಸೋಡಾ ಸೇರಿ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 11ರ ಹತ್ತಿರ ಹೋಗುತ್ತದೆ (7 ದಾಟಿದರೆ ಕ್ಷಾರ). ಜಿಂಕ್ ಆಕ್ಸೈಡ್ ಮೈಮೇಲೆ ಪಿಎಚ್ 9ರ ಆಸುಪಾಸಿನವರೆಗೆ ಧನ ವಿದ್ಯುತ್ತು ಇರುತ್ತದೆ, ಅದನ್ನು ದಾಟಿದರೆ ಋಣ. ರಿಯಾಕ್ಟಿವ್ ಬಣ್ಣದ್ದೂ ಋಣವೇ, ಹಾಗಾಗಿ ಎರಡೂ ಮುಖ ತಿರುಗಿಸಿಕೊಂಡು ಕೂರುತ್ತವೆ. ಸಾಲದ್ದಕ್ಕೆ ಸೋಡಾದ ಕಾರ್ಬೊನೇಟು, ಹುಟ್ಟಿದ ರಾಡಿಕಲ್‌ಗಳನ್ನು ಬಣ್ಣಕ್ಕೆ ಮುಟ್ಟುವ ಮೊದಲೇ ನುಂಗಿಬಿಡುತ್ತದೆ. ಇನ್ನು ಬೆಳಕಿನ ವಿಷಯ. ನೆಲ ಮುಟ್ಟುವ ಬಿಸಿಲಿನಲ್ಲಿ ನೇರಳಾತೀತದ ಪಾಲು ನೂರಕ್ಕೆ ನಾಲ್ಕೈದು ಅಷ್ಟೇ, ನೀರು ಗಾಢವಾಗಿದ್ದರೆ ಅದೂ ಮೇಲ್ಪದರದಲ್ಲೇ ಮುಗಿದುಹೋಗುತ್ತದೆ, ತಳದಲ್ಲಿ ಕೂತ ಪುಡಿಗೆ ಏನೂ ತಲುಪುವುದಿಲ್ಲ. ಲ್ಯಾಬಿನ ಡಿಸ್ಟಿಲ್ಡ್ ನೀರಿಗೆ ಈ ಯಾವ ತಾಪತ್ರಯವೂ ಇಲ್ಲ.

ಮರುದಿನ ಹಟ ಹಿಡಿದು ಹನಿ ಹನಿ ಆಮ್ಲ ಬಿಟ್ಟೆ, ಬುಸ್ ಅಂತ ನೊರೆ ಬಂತು, ಕಾರ್ಬೊನೇಟು ಗಾಳಿಗೆ ಹೋಯಿತು. ಒಂದಕ್ಕೆ ಹತ್ತು ನೀರು ಬೆರೆಸಿದೆ. ಬೆರಳಿನ ಅರ್ಧ ಗೆಣ್ಣಿನಷ್ಟು ಎತ್ತರಕ್ಕೆ ಮಾತ್ರ ನೀರು ನಿಲ್ಲಿಸಿ, ತಾಸಿಗೊಮ್ಮೆ ಕಡ್ಡಿಯಿಂದ ಕದಡಿದೆ. ಸಂಜೆಗೆ ಬಹುಪಾಲು ಕೆಂಪು ಹೋಗಿತ್ತು. ಕುಣಿಯುತ್ತಾ ಕಾಕಾಗೆ ತೋರಿಸಿದೆ. ಅವರು ತಟ್ಟೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಬಣ್ಣ ಹೋತು, ಖರೆ. ಉಪ್ಪೆಲ್ಲಿ ಹೋತು?" ಅಂದರು.

ಎಂಎಸ್ಸಿ ಮಾಡಿದ ನನಗೆ ಉತ್ತರ ಇರಲಿಲ್ಲ. ಉಪ್ಪು ಎಲ್ಲೂ ಹೋಗಿಲ್ಲ. ಬೆಳಕು, ಪುಡಿ ಎರಡೂ ಸೇರಿದರೂ ಉಪ್ಪಿಗೆ ಏನೂ ಮಾಡಲಾರವು. ಆ ನೀರನ್ನು ಗಿಡಕ್ಕೆ ಹಾಕುತ್ತಾ ಹೋದರೆ ಗಿಡ ಸೊರಗುತ್ತದೆ. ನಳದ ನೀರು ಯಾವಾಗ ಬರುತ್ತದೋ ಅಂತ ಕಾಯುವ ನಮ್ಮ ಊರಿನಲ್ಲಿ, ಒಂದು ತಟ್ಟೆ ತಿಳಿ ಮಾಡಲು ಹತ್ತರಷ್ಟು ಒಳ್ಳೆ ನೀರು ಸುರಿದಿದ್ದೂ ನನ್ನದೇ ದಡ್ಡತನ.

ಕಣ್ಣಿಗೆ ತಿಳಿ ಕಂಡರೆ ಶುದ್ಧ ಅಂತಲೂ ಅಲ್ಲ. ಅಜೊ ಬಣ್ಣದಲ್ಲಿ (ಬಟ್ಟೆಗೆ ಹಾಕುವ ಬಹಳಷ್ಟು ಬಣ್ಣ ಇದೇ ಜಾತಿ) ಎರಡು ನೈಟ್ರೋಜನ್ನಿನ ನಡುವಿನ ಕೊಂಡಿ ತುಂಡಾದರೆ ಸಾಕು, ಬಣ್ಣ ಮಾಯ. ಉಳಿದ ತುಣುಕುಗಳು ನೀರಿನಲ್ಲೇ ತೇಲುತ್ತಿರುತ್ತವೆ, ಕೆಲವು ಮೂಲ ಬಣ್ಣಕ್ಕಿಂತ ಕೆಟ್ಟವು. ಅದಕ್ಕೇ ಸಿಒಡಿ ಅಳೆಯಬೇಕು, ಅಂದರೆ ನೀರಿನಲ್ಲಿ ಉಳಿದ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ. ಹೊಳೆ-ಹಳ್ಳಕ್ಕೆ ಬಿಡುವ ನೀರಿಗೆ ನಮ್ಮ ದೇಶದ ಸಾಮಾನ್ಯ ಮಿತಿ ಲೀಟರಿಗೆ 250 ಮಿಲಿಗ್ರಾಂ. ನಿಮ್ಮ ಸುದ್ದಿಯಲ್ಲಿ ಸಿಒಡಿಯ ಮಾತೇ ಇರಲಿಲ್ಲ. ಸತುವಿಗೂ, ಅಂದರೆ ಈ ಪುಡಿಯ ಜಿಂಕ್‌ಗೂ, ಮಿತಿ ಇದೆ, ಲೀಟರಿಗೆ 5 ಮಿಲಿಗ್ರಾಂ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಈ ಪುಡಿ ಆಮ್ಲ ಜಾಸ್ತಿಯಾದರೂ ಕರಗುತ್ತದೆ, ಕ್ಷಾರ ವಿಪರೀತವಾದರೂ ಕರಗುತ್ತದೆ, ಬೆಳಕಿನಲ್ಲಿ ಕೆಲಸ ಮಾಡುತ್ತಲೇ ತನ್ನ ಮೈಯನ್ನೂ ತಾನೇ ಚೂರು ಚೂರು ತಿನ್ನುತ್ತದೆ. ಟೈಟಾನಿಯಂ ಪುಡಿ ಈ ವಿಷಯದಲ್ಲಿ ಗಟ್ಟಿಗ. ಮೀನಿಗೆ ಸತು ಆಗಿ ಬರುವುದಿಲ್ಲ. ನನ್ನ ಪುಡಿಯನ್ನು ಧೋತರದ ಬಟ್ಟೆಯಲ್ಲಿ ನಾಲ್ಕು ಮಡಿಕೆ ಹಾಕಿ ಸೋಸಿದರೂ ನೀರು ಹಾಲಿನ ಹಾಗೆ ಬೆಳ್ಳಗೇ ಇಳಿಯಿತು. ಇನ್ನೂ ಸಣ್ಣ ಕಣದ ನ್ಯಾನೊ ಪುಡಿ ಅಂದರೆ ಕೇಳುವುದೇ ಬೇಡ.

ಹುಡುಗರನ್ನು ಹಳಿಯುತ್ತಿಲ್ಲ. ಮಿಥಿಲೀನ್ ಬ್ಲೂನಿಂದಲೇ ಎಲ್ಲರೂ ಶುರು ಮಾಡುತ್ತಾರೆ, ಅಲ್ಲೇ ನಿಲ್ಲುವುದು ಬೇಡ ಅಂತಷ್ಟೇ. ಬೆಳ್ಳಿ ಬೆರೆಸಿ, ನೈಟ್ರೋಜನ್ ಬೆರೆಸಿ ಬರೀ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಕೆಲಸ ಮಾಡಿಸುವವರಿದ್ದಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಪುಡಿಯನ್ನು ಗಾಜಿಗೋ ಹಂಚಿಗೋ ಅಂಟಿಸಿ, ಇಳಿಜಾರಿನಲ್ಲಿ ನೀರನ್ನು ತೆಳ್ಳಗೆ ಹರಿಸುವ ದಾರಿ. ಪುಡಿ ಸೋಸುವ ರಗಳೆ ಇಲ್ಲ, ಬೆಳಕೂ ತಳದವರೆಗೆ ಮುಟ್ಟುತ್ತದೆ. ಕೊನೆಕೊನೆಯ ತೊಳೆತದ ನೀರಿಗೆ, ಅಂದರೆ ಉಪ್ಪು, ಸೋಡಾ ಕಡಿಮೆ ಇರುವ ತೆಳು ಬಣ್ಣದ ನೀರಿಗೆ, ಇದು ಹೊಂದಬಹುದು ಅನ್ನಿಸುತ್ತದೆ. ಆ ನೀರು ಮತ್ತೆ ಮೊದಲ ತೊಳೆತಕ್ಕೆ ಬಂದರೆ ಕಾಕಾಗೆ ದಿನಕ್ಕೆ ನಾಲ್ಕು ಕೊಡ ಉಳಿದರೂ ದೊಡ್ಡದು. ಹಂಡೆಯ ಗಾಢ ನೀರಿಗೆ ಬೇರೆ ವ್ಯವಸ್ಥೆಯೇ ಬೇಕು.

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆ ಇಂಥ ಪುಡಿ ಮಾಡುವ ಹುಡುಗರಿದ್ದಾರೆ. ನಿಮ್ಮ ವರದಿಗಾರರು ಮುಂದಿನ ಸಲ ಹೋದಾಗ ನೀರು ಎಲ್ಲಿಂದ ತಂದಿರಿ ಅಂತ ಒಂದು ಮಾತು ಕೇಳಲಿ. ಹುಡುಗರಿಗೆ ನಿಜವಾದ ಬಣ್ಣದ ನೀರು ಬೇಕಿದ್ದರೆ ಬೆಟಗೇರಿಗೆ ಕ್ಯಾನ್ ತಗೊಂಡು ಬರಲಿ, ಕಾಕಾ ಪುಕ್ಕಟೆ ತುಂಬಿಸಿ ಕೊಡುತ್ತಾರೆ. ಕೆಂಪು ಬೇಕಾದರೆ ಸೋಮವಾರ ಬರಬೇಕು, ಉಳಿದ ದಿನ ಹಸಿರು.

— ಬೆಟಗೇರಿಯ ಒಬ್ಬ ಓದುಗ