ಸ್ಟೀರಾಯ್ಡ್ ಮಾತ್ರೆ: ಮನಸ್ಸಿನ ವಿಷಯವನ್ನೂ ಹೇಳಿ

ಮಾನ್ಯರೇ,

ಉಬ್ಬಸ ಜಾಸ್ತಿಯಾದಾಗ ನಮ್ಮ ಅತ್ತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಅವರಿಗೆ ನಿದ್ದೆಯೇ ಇಲ್ಲ. ನಡುರಾತ್ರಿ ಎದ್ದು ಅಟ್ಟದ ಪಾತ್ರೆ ಇಳಿಸಿ ತಿಕ್ಕುವುದು, ಎಡೆಬಿಡದೆ ಮಾತು, ಮರುಗಳಿಗೆ ಅಳು. ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದರು ನೆಂಟರು. ಇದು ಮಾತ್ರೆಯಿಂದ ಆಗಿದ್ದು ಎಂದು ಹೇಳಿದವರು ಮನೋವೈದ್ಯರು. ದಿನಕ್ಕೆ 40 ಮಿಲಿಗ್ರಾಂ ದಾಟಿದರೆ ಈ ಅಪಾಯ ಹೆಚ್ಚು. ಹಾಗಂತ ಸುಮ್ನೆ ನಿಲ್ಲಿಸುವಂತಿಲ್ಲ. ಹೆಚ್ಚು ದಿನ ತೆಗೆದುಕೊಂಡಿದ್ದರೆ ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಅತ್ತೆ ಈಗ ಮೊದಲಿನಂತಾಗಿದ್ದಾರೆ.

ಸಕ್ಕರೆ ಏರಬಹುದು, ಊಟದ ನಂತರ ನುಂಗಿ ಎಂದು ಹೇಳುವ ವೈದ್ಯರು, ಮನಸ್ಸು ಕದಡಬಹುದು ಎಂಬುದನ್ನೂ ಮನೆಯವರಿಗೆ ಹೇಳಬೇಕು, ಅಲ್ವಾ? ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

– ಓದುಗರೊಬ್ಬರು, ಸಾಗರ