ಅರ್ಧ ಬಿಟ್ಟು ಕಳಿಸಿದವರಿಗೆ

ಎಲ್ಲರಿಗೂ ನಮಸ್ಕಾರ. ಎಲ್ಲರೂ ಮಾಡಿ ಕಳಿಸಿದ ಹಾಳೆಗಳನ್ನು ಜೋಡಿಸಿ ಹೊಲಿದ ನಮ್ಮ ಹೊಸ ಕಟ್ಟು ಮೊನ್ನೆ ಪೋಸ್ಟಿಗೆ ಹೋಯ್ತು, ಹೆಚ್ಚಿನವರಿಂದ ಸಿಕ್ಕಿತು ಅಂತ ಫೋನ್ ಬಂತು, ಬೆಳಗಾವಿಯವರಿಗೆ ಮತ್ತೆ ಕೊಚ್ಚಿಯವರಿಗೆ ಇನ್ನೂ ಸಿಗ್ಲಿಲ್ಲ, ಎರಡು ದಿನ ಕಾಯುವ. ನನ್ನ ಕೈ ಮುರಿದ ಮೇಲೆ ಇದು ಮೊದಲನೇ ಕಟ್ಟು. ಇನ್ನು ಇದು ಬರುವುದೇ ಇಲ್ಲ ಅಂತ ನಾನು ಮನಸ್ಸಲ್ಲೇ ಮುಗಿಸಿಬಿಟ್ಟಿದ್ದೆ, ಬಂದದ್ದು ನಿಮ್ಮಿಂದ, ಹಾಗಾಗಿ ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲರ ಎದುರೇ ಥ್ಯಾಂಕ್ಸ್ ಹೇಳ್ಬೇಕು ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಕೆಲವರು, ಕವಿತೆ ಬರೆಯುವವರು, ಚಿತ್ರ ಮಾಡುವವರು, ಎರಡೂ ಬೆರೆಸಿ ಎಂತದೋ ಮಾಡುವವರು, ಒಬ್ಬರಿಗೊಬ್ಬರು ಪೋಸ್ಟಿನಲ್ಲೇ ಕೆಲಸ ಕಳಿಸ್ತೇವೆ. ವರ್ಷಕ್ಕೊಂದೆರಡು ಸಲ ಪ್ರತಿಯೊಬ್ಬರೂ ತಮ್ಮದೇ ಒಂದು ಹಾಳೆ ಮಾಡಿ ಅದರ 40 ಪ್ರತಿ ಉಡುಪಿಗೆ ಕಳಿಸಬೇಕು, ನಾನು ಅದನ್ನೆಲ್ಲ ಜೋಡಿಸಿ ಹೊಲಿದು ಎಲ್ಲರಿಗೂ ಒಂದೊಂದು ವಾಪಸ್ ಕಳಿಸುವುದು. ಆಯ್ಕೆ ಅಂತ ಇಲ್ಲ, ಯಾರದ್ದನ್ನೂ ತೆಗೆದುಹಾಕುವ ಹಾಗಿಲ್ಲ, ಬಂದದ್ದೆಲ್ಲ ಒಳಗೆ. ಈ ಕ್ರಮ ನಾವು ಹುಟ್ಟಿಸಿದ್ದಲ್ಲ. ಅಮೆರಿಕದಲ್ಲಿ ರಿಚರ್ಡ್ ಕಾಸ್ಟಲನೆಟ್ಜ್ ಅನ್ನುವವರು 1970ರಲ್ಲಿ ಶುರುಮಾಡಿದ ಪತ್ರಿಕೆ ಹೀಗೇ ಬರ್ತಿತ್ತು, ಯಾವ ಪ್ರಕಾಶಕರೂ ಮುಟ್ಟದ ಬರಹಗಳನ್ನು ಬರೆದವರೇ ಸಾವಿರ ಪ್ರತಿ ಪ್ರಿಂಟ್ ಮಾಡಿ ಕಳಿಸಬೇಕು, ಇವರು ಜೋಡಿಸಿ ಹಂಚುವುದು. ನಮ್ಮದು ಅದರ ಸಣ್ಣ ಮರಿ.

ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ ಅಂಗಳದ ಪಾಚಿಗೆ ಕಾಲು ಜಾರಿ ಬಿದ್ದೆ, ಬಲಗೈ ಮಣಿಕಟ್ಟು ಮುರಿಯಿತು. ಆಪರೇಷನ್ ಆಯ್ತು, ಒಳಗೆ ಪ್ಲೇಟ್ ಹಾಕಿದ್ರು, ಮೂಳೆ ಸರಿಯಾಗಿಯೇ ಕೂಡಿತು, ಆದ್ರೆ ಮೂರು ಬೆರಳಿಗೆ ಸ್ಪರ್ಶವೇ ಇಲ್ಲ. ಪೆನ್ ಹಿಡಿದದ್ದೂ ಗೊತ್ತಾಗುವುದಿಲ್ಲ, ಬಿದ್ದದ್ದೂ ಗೊತ್ತಾಗುವುದಿಲ್ಲ. ಮನೆಯವರು ಎಷ್ಟು ನೋಡಿಕೊಂಡ್ರು ಅಂದ್ರೆ ನಮ್ಮ ಅತ್ತೆ ದಿನಾ ಗಂಜಿ ಕಲಸಿ ಚಮಚ ಎಡಗೈಗೆ ಸಿಗುವ ಹಾಗೆ ಇಟ್ಟು ಹೋಗ್ತಿದ್ರು, ಒಂದು ದಿನ ಕೂಡ ಮರೀಲಿಲ್ಲ. ನೋಡ್ಲಿಕ್ಕೆ ಬಂದವರೆಲ್ಲ ಹೇಳಿದ್ದು ಒಂದೇ, ನೀನೀಗ ಎಂತದೂ ಮಾಡ್ಬೇಡ, ಬರೆಯುವುದೆಲ್ಲ ಆಮೇಲೆ, ಸುಮ್ಮನೆ ರೆಸ್ಟ್ ಮಾಡು. ಪ್ರೀತಿಯಿಂದಲೇ ಹೇಳಿದ್ದು, ಅದು ನನಗೆ ಗೊತ್ತುಂಟು. ಆದ್ರೆ ಎಂತದೂ ಮಾಡದೆ ಕೂತಷ್ಟೂ ನಾನು ಯಾರು ಅಂತಲೇ ನನಗೆ ಮರೆತುಹೋಗ್ತಾ ಬಂತು.

ಆವಾಗ ಕಾರ್ಕಳದ ಅಕ್ಕನದ್ದೊಂದು ಕಾರ್ಡ್ ಬಂತು. 50 ಪೈಸೆಯ ಮಾಮೂಲಿ ಪೋಸ್ಟ್ ಕಾರ್ಡ್. ಹೇಗಿದ್ದಿ ಅಂತ ಇಲ್ಲ, ಬೇಗ ಹುಷಾರಾಗು ಅಂತ ಇಲ್ಲ. ನಡುವಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಸಾಲು, "ಮಳೆ ತಂದ ಎಲೆ". ಅದರ ಕೆಳಗೆ ಇನ್ನೊಂದು ಸಾಲು, ಆದ್ರೆ ಅದರಲ್ಲಿ ಬರೀ ಳೆ, ದ, ಲೆ ಮೂರು ಅಕ್ಷರ, ಒಂದೊಂದರ ಹಿಂದೆ ಒಂದೊಂದು ಖಾಲಿ ಚೌಕ. ಗೋಮೂತ್ರಿಕೆ! ನಮ್ಮ ಹಳೇ ಚಿತ್ರಕಾವ್ಯದಲ್ಲಿ, ಅಂದ್ರೆ ಅಕ್ಷರಗಳನ್ನು ಒಂದು ಆಕಾರಕ್ಕೆ ಕೂರಿಸುವ ಪದ್ಯಗಳಲ್ಲಿ, ಚಕ್ರಬಂಧ ಪದ್ಮಬಂಧದ ಜೊತೆಗೆ ಬರ್ತದಲ್ಲ, ಅದೇ. ಎರಡು ಸಾಲಲ್ಲಿ ಒಂದು ಬಿಟ್ಟು ಒಂದು ಅಕ್ಷರ ಸಮ ಇರಬೇಕು, ಆಗ ನೇರ ಓದಿದ್ರೂ, ಮೇಲಿಂದ ಕೆಳಗೆ ಕೆಳಗಿಂದ ಮೇಲೆ ಅಂಕುಡೊಂಕಾಗಿ ಓದಿದ್ರೂ ಅದೇ ಸಾಲು ಸಿಗ್ತದೆ. ಅಕ್ಕ ಒಂದು ಸಾಲು ತಾನು ಬರೆದು ಇನ್ನೊಂದರಲ್ಲಿ ನನಗೆ ಅಂತ ಮೂರು ಮನೆ ಖಾಲಿ ಬಿಟ್ಟಿದ್ರು. ಮೂರೇ ಅಕ್ಷರ. ಎಡಗೈಯಲ್ಲಿ ಮೂರು ಅಕ್ಷರ ಯಾರು ಬೇಕಾದ್ರೂ ಬರೀಬಹುದು ಅಂತ ಲೆಕ್ಕ ಹಾಕಿಯೇ ಕಳಿಸಿದ್ದು, ಅದು ನನಗೆ ಆಮೇಲೆ ಹೊಳೆಯಿತು.

ಅವತ್ತು ಇಡೀ ದಿನ ತಲೆಯಲ್ಲಿ ಅದೇ. ಎಳೆ, ಬಾಳೆ, ಬೇಳೆ, ಕಳೆ, ಬೆಳೆ ಅಂತ ಒಂದೊಂದೇ ಇಟ್ಟು ನೋಡುವುದು, ಕೂತುಕೊಳ್ಳುವುದಿಲ್ಲ ಅಂತ ತೆಗೆಯುವುದು, ಹೊರಗೆ ಜಡಿಮಳೆ, ನೋವಿನ ಮಾತ್ರೆ ತಗೊಳ್ಳುವ ಹೊತ್ತು ಕೂಡ ದಾಟಿಹೋಗಿತ್ತು. ರಾತ್ರಿ ಊಟ ಆದ ಮೇಲೆ ಎಡಗೈಯಲ್ಲಿ ತುಂಬಿಸಿದೆ, ಹೊ, ತಿಂ, ನೆ. "ಮಳೆ ತಂದ ಎಲೆ, ಹೊಳೆ ತಿಂದ ನೆಲೆ." ಅಕ್ಷರ ಮಕ್ಕಳು ಬರೆದ ಹಾಗೆ ಓರೆಕೋರೆ, ಆದ್ರೆ ಸಾಲು ಸಾಲೇ. ಅಕ್ಕ, ನೀವು ಅದನ್ನು ಈ ಕಟ್ಟಿನ ಮೊದಲನೇ ಹಾಳೆ ಮಾಡಿದ್ದು ನೋಡಿ ನನಗೆ ಮಾತು ಬರ್ಲಿಲ್ಲ. ಅವತ್ತು ನೀವು ಇಡೀ ಪದ್ಯ ಬರೆದು ಕಳಿಸಿದಿದ್ರೆ ನಾನು ಚಂದ ಉಂಟು ಅಂತ ಓದಿ ಮಂಚದ ಪಕ್ಕ ಇಡ್ತಿದ್ದೆ. ಅರ್ಧ ಬಿಟ್ಟು ಕಳಿಸಿದ್ದಕ್ಕೆ ನಾನು ಎದ್ದು ಕೂತದ್ದು.

ಆಮೇಲೆ ನೀವೆಲ್ಲ ಸೇರಿ ಮಾತಾಡಿಕೊಂಡ್ರಾ ಅಥವಾ ತನ್ನಿಂತಾನೇ ಹಾಗಾಯ್ತಾ ಗೊತ್ತಿಲ್ಲ, ಒಂದರ ಹಿಂದೆ ಒಂದು ಅರ್ಧರ್ಧ ಕೆಲಸಗಳೇ ಬರ್ಲಿಕ್ಕೆ ಶುರು. ಮೂಡುಬಿದಿರೆಯ ಟೀಚರ್ ಕಳಿಸಿದ್ದನ್ನು ನಾನು ಸಾಯುವವರೆಗೆ ಇಟ್ಟುಕೊಳ್ತೇನೆ. ಫಿಸಿಯೋದವರು ಬೆರಳಿಗೆ ಸ್ಪರ್ಶ ಬರಿಸ್ಲಿಕ್ಕೆ ಒರಟು ನುಣುಪು ಬೇರೆ ಬೇರೆ ವಸ್ತು ಕಣ್ಣು ಮುಚ್ಚಿ ಮುಟ್ಟಿಸ್ತಾರೆ ಅಂತ ಫೋನಲ್ಲಿ ಒಂದು ಸಲ ಹೇಳಿದ್ದೆ ಅಷ್ಟೇ. ವಾರ ಬಿಟ್ಟು ಒಂದು ಲಕೋಟೆ, ಒಳಗೆ ದಾರದಲ್ಲಿ ಪೋಣಿಸಿದ ಕಾರ್ಡುಗಳು, ಒಂದಕ್ಕೆ ಅಡಿಕೆ ಹಾಳೆಯ ತುಂಡು, ಒಂದಕ್ಕೆ ಗೋಣಿ, ಒಂದಕ್ಕೆ ಸ್ಯಾಂಡ್ ಪೇಪರ್, ಒಂದಕ್ಕೆ ಅಂಟಿನ ಮೇಲೆ ಸಮುದ್ರದ ಮರಳು, ಕೊನೆಯದ್ದಕ್ಕೆ ಹಳೇ ಉಡುಪಿ ಕೈಮಗ್ಗದ ಸೀರೆಯ ಸೆರಗು. ಜೊತೆಗೊಂದು ಚೀಟಿ, ಇದು ಪದ್ಯ, ಬೆರಳಲ್ಲಿ ಓದಿ, ಯಾವ ಸಾಲು ಮೊದಲು ಅರ್ಥ ಆಯ್ತು ಅಂತ ಬರೀರಿ. ಟೀಚರ್, ಮೊದಲು ಅರ್ಥ ಆದದ್ದು ಮರಳು. ಸೀರೆ ಅರ್ಥ ಆಗ್ಲಿಕ್ಕೆ ದೀಪಾವಳಿ ಕಳೀಬೇಕಾಯ್ತು. ಅವತ್ತು ನಡುಬೆರಳಿಗೆ ನೂಲಿನ ಅಂಚು ತಾಗಿದ್ದು ಗೊತ್ತಾಗಿ ನಾನು ಅಡಿಗೆಕೋಣೆಗೆ ಓಡಿಹೋಗಿ ಅತ್ತೆಯನ್ನು ಹಿಡ್ಕೊಂಡು ಅತ್ತಿದ್ದೇನೆ.

ಪೋಸ್ಟ್ ಯಾಕೆ, ಫೋಟೋ ತೆಗೆದು ವಾಟ್ಸಾಪ್ ಮಾಡಿದ್ರೆ ಸಾಲದಾ ಅಂತ ಕೇಳುವವರು ತುಂಬ ಜನ ಉಂಟು. ಆ ಮರಳಿನ ಕಾರ್ಡನ್ನು ವಾಟ್ಸಾಪಲ್ಲಿ ಕಳಿಸ್ಲಿಕ್ಕೆ ಆಗ್ತದಾ ನೀವೇ ಹೇಳಿ.

ಮಂಗಳೂರು ಪಾಂಡೇಶ್ವರದ ಸರ್ ಬಗ್ಗೆ ಹೇಳದೆ ಹೇಗೆ. ಹೆಡ್ ಪೋಸ್ಟ್ ಆಫೀಸ್ ಹತ್ತಿರವೇ ಮನೆ, ಸಂಜೆ ವಾಕಿಂಗ್ ಹೋದವರು ಒಂದು ಕಾಗದ ಹಾಕಿಯೇ ಬರುವುದು. ಅವರ ಕಾಗದದಲ್ಲಿ ಉಪದೇಶ ಇರುವುದಿಲ್ಲ, ಕಥೆ ಇರ್ತದೆ. ನ್ಯೂಯಾರ್ಕಿನ ರೇ ಜಾನ್ಸನ್ ಕಥೆ ಅವರೇ ಬರೆದದ್ದು, ಆ ಮನುಷ್ಯ ತಾನು ಮಾಡಿದ ಚಿತ್ರದ ಮೇಲೆ ಇದಕ್ಕೆ ನಿಮ್ಮದೂ ಸೇರಿಸಿ ಇಂಥವರಿಗೆ ಕಳಿಸಿ ಅಂತ ಬರೆದು ಪೋಸ್ಟ್ ಮಾಡ್ತಿದ್ದದ್ದು, 1962ರ ಹೊತ್ತಿಗೆ ಅದಕ್ಕೊಂದು ಶಾಲೆಯ ಹೆಸರೇ ಬಿದ್ದದ್ದು, ಕಟ್ಟಡ ಇಲ್ಲ ಫೀಸ್ ಇಲ್ಲ, ವಿಳಾಸ ಇದ್ದವರೆಲ್ಲ ಅದರ ವಿದ್ಯಾರ್ಥಿಗಳು. ಒಸಾಕಾದ ರ್‍ಯೋಸುಕೆ ಕೋಹೆನ್ 1985ರಿಂದ ಜನ ಕಳಿಸಿದ ಮುದ್ರೆ, ಸ್ಟಿಕ್ಕರ್, ಗೀಟುಗಳನ್ನೆಲ್ಲ ಒಂದೇ ಹಾಳೆಗೆ ಸೇರಿಸಿ 150 ಪ್ರತಿ ತೆಗೆದು ಕಳಿಸಿದವರಿಗೆ ಹಂಚುವುದು. ನನಗೆ ಬಹಳ ತಾಗಿದ್ದು ಉರುಗ್ವೆಯ ಕ್ಲೆಮೆಂಟೆ ಪಡೀನ್ ಕಥೆ. ಅಲ್ಲಿ ಮಿಲಿಟರಿ ಆಡಳಿತ, ಕವಿತೆ ಮತ್ತು ಅಂಚೆ ಕಲೆ ಮಾಡ್ತಿದ್ದ ಪಡೀನ್‌ರನ್ನೂ ಗೆಳೆಯ ಹೋರ್ಹೆ ಕರಬಾಯೊರನ್ನೂ 1977ರಲ್ಲಿ ಹಿಡಿದು ಜೈಲಿಗೆ ಹಾಕಿದ್ರು. ಪೋಸ್ಟಿನಲ್ಲಿ ಮಾತ್ರ ಪರಿಚಯ ಇದ್ದವರು ದೇಶದೇಶಗಳಿಂದ ಅವರ ಬಿಡುಗಡೆಗೆ ಕಾಗದ ಬರೆದ್ರು. ಮುಖ ನೋಡದವರು! ಸರ್ ಆ ಕಾಗದದ ಕೊನೆಗೆ ಬೇರೇನೂ ಬರೀಲಿಲ್ಲ, ತಮ್ಮ ಎಡ್ರೆಸ್ಸಿನ ಕೆಳಗೆ ಒಂದು ಖಾಲಿ ಚೌಕ ಹಾಕಿ ಬಿಟ್ಟಿದ್ರು, ನಾನು ತುಂಬಿಸ್ಲಿಕ್ಕೆ. 1843ರಲ್ಲಿ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟ ಊರಿನವರು ನಾವು, ಕಾಗದಕ್ಕೆ ಹೆದರಬಾರದು ಅಂತ ಅವರು ಯಾವಾಗಲೂ ಹೇಳುವುದು. ಸರ್, ಹೆದರ್ಲಿಲ್ಲ.

ಮಣಿಪಾಲದ ಹುಡುಗ, ನಿನಗೂ. ಪೆನ್ಸಿಲ್ ಅಳಿಸುವ ರಬ್ಬರಲ್ಲಿ ತುಳು ಲಿಪಿಯ ಅಕ್ಷರ ಕೆತ್ತಿ ಮುದ್ರೆ ಮಾಡಿ ಕಳಿಸಿದಿಯಲ್ಲ, ಹಿಡಿ ದಪ್ಪ ಮಾಡಿ ಬಟ್ಟೆ ಸುತ್ತಿದ್ದು ಯಾಕೆ ಅಂತ ನಿನ್ನನ್ನು ಕೇಳ್ಲಿಲ್ಲ, ಹಿಡಿದ ಕೂಡ್ಲೇ ಗೊತ್ತಾಯ್ತು. ಬೆರಳು ಬೇಡ, ಮುಷ್ಟಿ ಸಾಕು. ಆ ಲಿಪಿ 2024ರಲ್ಲಿ ಯೂನಿಕೋಡಿಗೆ ಸೇರಿದಾಗ ನೀನು ಕುಣಿದದ್ದು ನನಗೆ ನೆನಪುಂಟು. ಈ ಸಲದ ನನ್ನ ಹಾಳೆ ಪೂರ್ತಿ ಆ ಮುದ್ರೆಗಳದ್ದೇ, ಕಾವಿ ಮಣ್ಣಿನ ಕೆಂಪಲ್ಲಿ ಒತ್ತಿದ್ದು, ಒಂದೊಂದು ಪ್ರತಿ ಒಂದೊಂದು ಹದ. ಬಣ್ಣ ಅರೆದು ಹದ ಮಾಡಿಕೊಟ್ಟದ್ದು ಸುರತ್ಕಲ್‌ನ ಗಂಡ ಹೆಂಡತಿ, ಅವರು ಎರಡು ಬಸ್ಸು ಬದಲಿಸಿ ಡಬ್ಬಿ ಹಿಡ್ಕೊಂಡು ಬಂದು ಸಂಜೆವರೆಗೆ ಕೂತು ಹೋದ್ರು.

ಹೊಲಿಯುವ ದಿನ ನನ್ನಿಂದ ಸೂಜಿ ಹಿಡೀಲಿಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದು ಆರೇಳು ಜನ ಮನೆಗೇ ಬಂದ್ರಲ್ಲ, ಚಾವಡಿ ತುಂಬ ಹಾಳೆ ಹರಡಿ, ಫ್ಯಾನ್ ಹಾಕಿದ್ರೆ ಹಾರ್ತದೆ ಅಂತ ಆ ಸೆಖೆಯಲ್ಲೂ ಫ್ಯಾನ್ ಬಂದ್ ಮಾಡಿ, ನೀರ್‌ದೋಸೆ ತಿನ್ನುತ್ತಾ ಎಣ್ಣೆ ಕೈ ಹಾಳೆಗೆ ತಾಗಬಾರದು ಅಂತ ಒಬ್ಬರಿಗೊಬ್ಬರು ಬೈಯ್ತಾ, ಅಷ್ಟು ಗಲಾಟೆ ನಮ್ಮ ಮನೆಯಲ್ಲಿ ಆಗಿ ವರ್ಷ ಆಗಿತ್ತು. ಅವತ್ತು ನನಗೆ ಕೊಟ್ಟ ಕೆಲಸ ಹಾಳೆಯ ಕ್ರಮ ನೋಡುವುದು, ತಪ್ಪಿದ್ರೆ ಹೇಳುವುದು. ಅದೂ ಕೆಲಸವೇ, ಯಾರೂ ನನ್ನನ್ನು ಸುಮ್ಮನೆ ಕೂರಿಸ್ಲಿಲ್ಲ.

ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿಗೆ ಸೇರಿಸಿದ ಮೇಲೆ ನಮ್ಮ ಖರ್ಚಿನ ಲೆಕ್ಕವೇ ಬದಲಾಯ್ತು, ಈ ಸಲ ಕಡಿಮೆ ಬಿದ್ದದ್ದನ್ನು ಹೆಸರು ಹೇಳ್ಬಾರದು ಅಂತ ಆಣೆ ಹಾಕಿಸಿ ಕೊಟ್ಟವರು ಒಬ್ಬರಿದ್ದಾರೆ, ಅವರಿಗೆ ಈ ಸಾಲು. ನಮ್ಮ ಪೋಸ್ಟಣ್ಣನಿಗೂ. ಮಳೆಗಾಲದಲ್ಲಿ ಕಾರ್ಡುಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, "ಎಂಚ ಉಲ್ಲರ್ ಅಕ್ಕಾ", ಹೇಗಿದ್ದೀರಿ ಅಕ್ಕಾ ಅಂತ ತುಳುವಲ್ಲಿ ಕರೆದು, ನನ್ನ ಎಡಗೈಗೇ ಕೊಡ್ತಿದ್ರು.

ಈಗ ಕೈ ಹೇಗುಂಟು ಅಂತ ಕೇಳ್ತೀರಿ. ಎರಡು ಬೆರಳಿಗೆ ಸ್ಪರ್ಶ ಬಂದಿದೆ, ಮೂರನೆಯದ್ದು ಬರಬಹುದು ಅಂತ ಡಾಕ್ಟ್ರು ಹೇಳ್ತಾರೆ. ಎಡಗೈ ಅಕ್ಷರ ನನಗೆ ಇಷ್ಟ ಆಗಿಬಿಟ್ಟಿದೆ, ಅದನ್ನು ಬಿಡುವುದಿಲ್ಲ.

ಇನ್ನೊಂದು ಮಾತು. ಮುಂದಿನ ಕಟ್ಟಿಗೆ ಹಾಳೆಗಳು ಯುಗಾದಿ ಒಳಗೆ ಬರಲಿ, 40 ಪ್ರತಿಯೇ, ದಯಮಾಡಿ ಲ್ಯಾಮಿನೇಟ್ ಮಾಡ್ಬೇಡಿ, ಸೂಜಿ ಹೋಗುವುದಿಲ್ಲ. ಹೊಸಬರು ಯಾರಿದ್ರೂ ಸೇರಿಸಿಕೊಳ್ಳಿ. ಕಾರ್ಕಳದ ಅಕ್ಕ, ನಿಮಗೊಂದು ಕಾರ್ಡ್ ಇವತ್ತು ಮಧ್ಯಾಹ್ನ ಡಬ್ಬಕ್ಕೆ ಹಾಕಿದ್ದೇನೆ, ಈ ಸಲ ಮೇಲಿನ ಸಾಲು ನನ್ನದು, ಕೆಳಗೆ ಐದು ಮನೆ ಖಾಲಿ ಉಂಟು.