ಚೆನ್ನಾಗಿದ್ದ ದಿನಗಳನ್ನೂ ಡಾಕ್ಟರಿಗೆ ಹೇಳು

ಸಕಲೇಶಪುರ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಊಟ ಸೇರುತ್ತಿಲ್ಲ, ಬೆಳಿಗ್ಗೆ ಏಳೋಕೆ ಮನಸ್ಸಿಲ್ಲ, ಡಾಕ್ಟರು ಡಿಪ್ರೆಶನ್ ಅಂತ ಮಾತ್ರೆ ಕೊಟ್ಟಿದ್ದಾರೆ ಅಂತ ಬರೆದಿದ್ದೀಯ. ಓದಿ ಸಂಕಟವಾಯಿತು. ಆದರೆ ನೀನಾಗಿಯೇ ಡಾಕ್ಟರ ಹತ್ತಿರ ಹೋದೆಯಲ್ಲ ಅಂತ ಸಮಾಧಾನವೂ ಆಯಿತು. ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ ಬರೆದ ಆ ನಾಲ್ಕು ಸಾಲು. ದೀಪಾವಳಿಗೆ ಮುಂಚೆ ಒಂದು ವಾರ ರಾತ್ರಿ ಎರಡು ಗಂಟೆ ಮಲಗಿದರೂ ಸುಸ್ತೇ ಆಗಲಿಲ್ಲ, ತಲೆ ತುಂಬ ಹೊಸ ಹೊಸ ಯೋಚನೆ, ಕಾರ್ಡಿನಲ್ಲಿ ಕೈಮೀರಿ ಖರ್ಚು. ಅದನ್ನು ಮಾತ್ರ ಡಾಕ್ಟರಿಗೆ ಹೇಳಲಿಲ್ಲ ಅಂದಿದ್ದೀಯ. ಹೇಳಿದರೆ ಮಾವನಿಗೆ ಇರೋ ಬೈಪೋಲಾರ್ ಕಾಯಿಲೆಯೇ, ಒಮ್ಮೆ ಮಂಕು ಒಮ್ಮೆ ಅತಿ ಉತ್ಸಾಹ, ನಿನಗೂ ಇದೆ ಅಂದುಬಿಡುತ್ತಾರೆ ಅನ್ನೋ ಭಯ.

ಪುಟ್ಟಿ, ಅದನ್ನೇ ಮೊದಲು ಹೇಳಬೇಕಾಗಿತ್ತು ಕಣೆ. ಬೈಯುತ್ತಿಲ್ಲ. ನಮ್ಮ ಮನೆಯಲ್ಲಿ ಬೆಳೆದ ಯಾರಿಗಾದರೂ ಆ ಭಯ ಇದ್ದೇ ಇರುತ್ತೆ.

ನಿನಗೆ ನೆನಪಿರುವುದು ಆ ಮದುವೆ ಮನೆಯಲ್ಲಿ ಗಲಾಟೆ ಮಾಡಿದ ಮಾವ. ಅದಕ್ಕೂ ಎಷ್ಟೋ ಮುಂಚಿನದು ನಿನಗೆ ಗೊತ್ತಿಲ್ಲ, ನಿಮ್ಮಮ್ಮ ಹೇಳಿರೋದೂ ಇಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಚಳಿಗೆ ಮಂಜು ಹೆಪ್ಪುಗಟ್ಟಿ ಕಾಫಿ ಬೆಳೆ ಹಾಳಾಯಿತು, ಇಲ್ಲಿ ರೇಟು ಒಂದೇ ಸಲ ಮೇಲೆ ಹೋಯಿತು. ಊರಲ್ಲಿ ಎಲ್ಲರ ಕೈಯಲ್ಲೂ ದುಡ್ಡು. ಜೀಪು ಕೊಂಡವರು, ಮನೆ ಕಟ್ಟಿಸಿದವರು. ಅದರ ಮಧ್ಯೆ ನನ್ನ ತಮ್ಮನೂ ಖರ್ಚು ಮಾಡಿದರೆ ಯಾರಿಗೆ ಅನುಮಾನ ಬರುತ್ತೆ? ರಾತ್ರಿ ಗ್ಯಾಸ್‌ಲೈಟ್ ಹಚ್ಚಿಕೊಂಡು ತೋಟದಲ್ಲಿ ಗುಂಡಿ ತೋಡಿಸುತ್ತಿದ್ದ. ಮಾತು ಎಷ್ಟು ವೇಗ ಅಂದರೆ ಮಧ್ಯೆ ಒಂದು ಪದ ಹಾಕೋಕೆ ಜಾಗ ಇರಲಿಲ್ಲ. ಅಪ್ಪ, "ಈಗ ನೋಡು, ಹುಡುಗ ಚುರುಕಾದ" ಅಂತ ಖುಷಿಪಟ್ಟರು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ ಅವನು.

ತೋಟದ ಲೆಕ್ಕದ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಚೆನ್ನಾಗಿದ್ದಾಗ ಅವನ ಅಕ್ಷರ ಸಣ್ಣದು, ಗೆರೆ ದಾಟುತ್ತಿರಲಿಲ್ಲ. ಆ ವರ್ಷದ ಹಾಳೆಗಳಲ್ಲಿ ಅಕ್ಷರ ಹಿಗ್ಗುತ್ತಾ ಹೋಗುತ್ತೆ. ಕೊನೆಗೆ ಒಂದು ಪುಟಕ್ಕೆ ಮೂರೇ ಸಾಲು. ಆಳಿನ ಬಟವಾಡೆ ಬರೆಯುವ ಕಡೆ ಹೋಟೆಲ್ ಕಟ್ಟುವ ಲೆಕ್ಕ, ಹಡಗಿನಲ್ಲಿ ಕಾಫಿ ಕಳಿಸುವ ಲೆಕ್ಕ. ಆಮೇಲೆ ಪುಟಗಳೇ ಖಾಲಿ. ಕಾಯಿಲೆ ಪೂರ್ತಿ ಆ ಪುಸ್ತಕದಲ್ಲಿ ಇತ್ತು. ಓದೋಕೆ ಬರುವವರು ಯಾರೂ ಇರಲಿಲ್ಲ.

ಮಂಕಾಗಿ ಕೂತಾಗ ಮಾತ್ರ ನಾವು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ಅವರೂ ಮಂಕಿಗೇ ಮಾತ್ರೆ ಕೊಟ್ಟರು. ಅವರ ತಪ್ಪು ಅನ್ನಲಾರೆ, ಅವರಿಗೆ ಹೇಳಿದ್ದೇ ಅಷ್ಟು. ಕೆಲವೇ ವಾರದಲ್ಲಿ ಅವನು ಮತ್ತೆ ರಾತ್ರಿಯೆಲ್ಲ ಓಡಾಡತೊಡಗಿದ. ಬೈಪೋಲಾರ್ ಇರುವವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಕೆಲವರಲ್ಲಿ ಹೀಗೆ ಉನ್ಮಾದಕ್ಕೆ, ಅಂದರೆ ಆ ಅತಿ ಉತ್ಸಾಹಕ್ಕೆ, ಎತ್ತಿಬಿಡುತ್ತೆ ಅನ್ನೋದು ನಮಗೆ ಗೊತ್ತಾದಾಗ ಹೊಳೆ ಬದಿಯ ತೋಟ ಹೋಗಿ ಆಗಿತ್ತು. ನಿನ್ನ ಕಾಗದ ಓದಿ ನಾನು ಎದ್ದು ಕೂತಿದ್ದು ಇದಕ್ಕೇ. ನಿನಗೂ ಈಗ ಅಂಥ ಮಾತ್ರೆಯೇ ಕೊಟ್ಟಿದ್ದಾರೆ, ಆ ಒಂದು ವಾರದ ಸುದ್ದಿ ಅವರಿಗೆ ಗೊತ್ತಿಲ್ಲ.

ಹಾಗಂತ ಮಾತ್ರೆಯನ್ನು ನೀನೇ ನಿಲ್ಲಿಸಿಬಿಡಬೇಡ. ಫೋನ್ ಮಾಡಿ ಅವರನ್ನೇ ಕೇಳು. ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್ ತನಕ ಕಾಯಬೇಡ.

ಮಾವನಿಗೆ ಗಾಳಿ ಸೋಕಿದೆ ಅಂದವರಿದ್ದರು. ಹರಕೆ ಆಯಿತು, ತಾಯತ ಆಯಿತು. ಮದುವೆ ಮಾಡಿದರೆ ಸರಿಹೋಗುತ್ತೆ ಅಂತ ಅದನ್ನೂ ಮಾಡಿದರು. ಪಾಪ, ನಿಮ್ಮ ಅತ್ತೆ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಕೊನೆಗೆ ನಿಮ್ಹಾನ್ಸಿಗೆ ಕರೆದುಕೊಂಡು ಹೋಗಿದ್ದು ಅವಳೇ. ಅಲ್ಲಿನ ಡಾಕ್ಟರು ಅವನನ್ನು ಕೇಳಿದ್ದಕ್ಕಿಂತ ಜಾಸ್ತಿ ನಮ್ಮನ್ನು ಕೇಳಿದರು. ಮಂಕಾಗಿದ್ದಾಗಿನ ಕತೆ ಮುಗಿದ ಮೇಲೆ, "ಇದಕ್ಕೆ ಉಲ್ಟಾ ಯಾವಾಗಲಾದರೂ ಇದ್ದರಾ? ನಿದ್ದೆ ಇಲ್ಲದೆ, ಅತಿ ಉತ್ಸಾಹದಲ್ಲಿ?" ಅಂದರು. ನಾನೂ ನಿಮ್ಮ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಆ ಪ್ರಶ್ನೆಯನ್ನು ಅಲ್ಲಿವರೆಗೆ ಒಬ್ಬರೂ ಕೇಳಿರಲಿಲ್ಲ.

ಈ ಕಾಯಿಲೆ ಇದೆ ಅಂತ ಹೇಳುವ ರಕ್ತಪರೀಕ್ಷೆ ಇಲ್ಲ ಪುಟ್ಟಿ. ಥೈರಾಯ್ಡ್ ನೋಡುತ್ತಾರೆ, ಬೇರೆ ಯಾವ ಮಾತ್ರೆ ತಗೊಳ್ತೀಯ ಅಂತ ಕೇಳುತ್ತಾರೆ, ಅವುಗಳಿಂದಲೂ ಹೀಗೆ ಆಗಬಹುದು ಅಂತ. ಉಳಿದದ್ದೆಲ್ಲ ನಾವು ಬಾಯಿಬಿಟ್ಟು ಹೇಳಿದ್ದರ ಮೇಲೆ. ನೀನು ಅರ್ಧ ಹೇಳಿದರೆ ಅವರಿಗೆ ಅರ್ಧ ಕಾಯಿಲೆ ಕಾಣುತ್ತೆ.

ಮಾವನ ಹಾಗೆ ನೀನೂ ಆಗುತ್ತೀಯಾ? ಇಲ್ಲ ಅಂತ ಬರೆದುಬಿಡೋಕೆ ಕೈ ಬರುತ್ತೆ, ಆದರೆ ನಾನು ಡಾಕ್ಟರಲ್ಲ. ರಕ್ತಸಂಬಂಧದಲ್ಲಿ ಬರುತ್ತೆ ಅನ್ನೋದು ನಿಜ. ಅಪ್ಪ-ಅಮ್ಮನಿಗೋ ಒಡಹುಟ್ಟಿದವರಿಗೋ ಇದ್ದರೂ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಬರಬಹುದಂತೆ. ಮಾವ ಅಂದರೆ ಅದಕ್ಕಿಂತ ಕಡಿಮೆ. ಸಾಮಾನ್ಯವಾಗಿ ಶುರುವಾಗುವುದು ಮಾತ್ರ ನಿನ್ನ ವಯಸ್ಸಿನಲ್ಲೇ, ಅದನ್ನೂ ಮುಚ್ಚಿಡಲಾರೆ. ಒಂದು ವೇಳೆ ಅದೇ ಆಗಿದ್ದರೂ ಮಾವನ ಹಾಗೆ ಅಂತ ಯಾಕೆ ಅಂದುಕೊಳ್ಳುತ್ತೀ? ಅವನು ಕಳೆದುಕೊಂಡಿದ್ದೆಲ್ಲ ಕಾಯಿಲೆ ಏನು ಅಂತ ಗೊತ್ತಾಗುವ ಮುಂಚೆ. ಗೊತ್ತಾದ ಮೇಲೆ ಅವನು ಮನೆ ನಡೆಸಿದ್ದಾನೆ, ಮಕ್ಕಳನ್ನು ಓದಿಸಿದ್ದಾನೆ. ಆ ಮದುವೆ ಮನೆಯ ಗಲಾಟೆಯೂ, ಈಗ ಹುಷಾರಾದೆ ಅಂತ ತಾನೇ ಮಾತ್ರೆ ಬಿಟ್ಟ ಮೇಲೆ ಆದದ್ದು.

ಅವನಿಗೆ ಲಿಥಿಯಂ ಕೊಡುತ್ತಾರೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರು ಉನ್ಮಾದಕ್ಕೆ ಇದು ಕೆಲಸ ಮಾಡುತ್ತೆ ಅಂತ ಕಂಡುಕೊಂಡರಂತೆ. ಎಷ್ಟು ಹಳೆಯದು ನೋಡು. ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡಿಸಬೇಕು, ಕಿಡ್ನಿ, ಥೈರಾಯ್ಡ್ ನೋಡಿಸಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಆ ಮಟ್ಟ ಏರಿಬಿಡುತ್ತೆ ಅಂತ, ಬಿಸಿಲಲ್ಲಿ ತೋಟ ಸುತ್ತಿ ಬಂದರೆ ನಿಮ್ಮ ಅತ್ತೆ ಮೊದಲು ನೀರಿನ ಚೊಂಬು ಹಿಡಿದು ನಿಲ್ಲುತ್ತಾಳೆ. ಅದೇ ಕಾರಣಕ್ಕೆ ಮೈಕೈ ನೋವಿಗೆ ಅಂಗಡಿ ಮಾತ್ರೆ ನುಂಗೋಕೂ ಬಿಡಲ್ಲ.

ನಿನಗೆ ಏನು ಕೊಡಬೇಕೋ ಅವರೇ ಹೇಳುತ್ತಾರೆ, ನಾನು ಸುಮ್ನೆ ತಲೆಹಾಕಬಾರದು. ಒಂದೇ ಮಾತು. ಮುಂದೆ ಮದುವೆ, ಮಕ್ಕಳು ಅಂತ ಆಸೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳು. ಈ ಕಾಯಿಲೆಗೆ ಕೊಡುವ ವಾಲ್ಪ್ರೋಯೇಟ್ ಅನ್ನೋ ಮಾತ್ರೆ ಬಸುರಿಯರ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುತ್ತೆ. ಕೇಳಿಕೊಂಡಿದ್ದರೆ ಒಳ್ಳೆಯದು, ಅಲ್ವಾ?

ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟಕ್ಕೆ ಎದ್ದೆ ಅಂತ ಒಂದು ಪುಸ್ತಕದಲ್ಲಿ ಬರೆದಿಡು. ಆ ವಾರದ ಕಾರ್ಡ್ ಬಿಲ್ಲನ್ನೂ ಹರಿದುಹಾಕಬೇಡ, ಡಾಕ್ಟರಿಗೆ ತೋರಿಸು. ನಿದ್ದೆ ಮತ್ತೆ ಹಾಗೇ ಕಡಿಮೆ ಆಗಿ ಮೈ ಹಗುರ ಅನ್ನಿಸಿದರೆ ಅವತ್ತೇ ಫೋನ್ ಮಾಡು, ನನಗೂ, ಅವರಿಗೂ. ಬದುಕೇ ಬೇಡ ಅನ್ನಿಸಿದರೆ ಒಂದು ಗಳಿಗೆಯೂ ಒಬ್ಬಳೇ ಕೂರಬೇಡ. ರೂಮಿನ ಹುಡುಗಿಯನ್ನು ಎಬ್ಬಿಸು, ಆಸ್ಪತ್ರೆಗೆ ಹೋಗು. 14416 ಅಂತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ.

ಆಫೀಸಿನವರಿಗೆ ಗೊತ್ತಾದರೆ ಏನು, ನಾಳೆ ಹೆಣ್ಣು ನೋಡೋಕೆ ಬಂದವರಿಗೆ ಏನು ಹೇಳೋದು ಅಂತೆಲ್ಲ ನಿಮ್ಮಮ್ಮ ಯೋಚಿಸುತ್ತಾಳೆ. ಅವಳ ಹತ್ತಿರ ನಾನು ಮಾತಾಡುತ್ತೇನೆ, ಅದನ್ನು ನೀನು ಹೊರಬೇಡ.

ಮನೆಯವರು ಒಬ್ಬರು ಜೊತೆಗೆ ಬಂದರೆ ಡಾಕ್ಟರಿಗೂ ಅನುಕೂಲ. ಮಾವನ ವಿಷಯವೆಲ್ಲ ಕೇಳುತ್ತಾರೆ, ಅದು ನನಗಿಂತ ಚೆನ್ನಾಗಿ ಹೇಳುವವರು ಯಾರಿದ್ದಾರೆ? ಯಾವ ದಿನ ಅಂತ ತಿಳಿಸು. ಹಿಂದಿನ ಸಂಜೆಯ ಬಸ್ಸಿಗೆ ಹೊರಟು ಬರುತ್ತೇನೆ. ಕೊಯ್ಲು ನೋಡಿಕೊಳ್ಳೋಕೆ ಮಾವ ಇದ್ದಾನೆ.

ನಿನ್ನ
ದೊಡ್ಡಮ್ಮ